ಬದನಿಕೆ ಎಂದು ಕಿತ್ತದ್ದು

ನೀರಿನಲ್ಲಿ ನೆನೆದ ತೆಂಗಿನ ನಾರಿನ ವಾಸನೆ ನನಗೆ ಹೊಸದಲ್ಲ. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ಸೀಟು ಹೊಲಿಯುತ್ತ ಬಂದಿದ್ದೇನೆ. ಈಗ ಎಲ್ಲದಕ್ಕೂ ಫೋಮ್ ಬಂದಿದೆ. ಆದರೂ ಹಳೆಯ ಟ್ರ್ಯಾಕ್ಟರಿನವರು ಕೆಲವರು ನಾರೇ ತುಂಬಿಕೊಡಿ ಎನ್ನುತ್ತಾರೆ. ಮೊನ್ನೆ ಅಂಥ ಒಂದು ಸೀಟು ಬಂದಿತ್ತು. ಬಕೆಟ್ಟಿನಲ್ಲಿ ನಾರು ನೆನೆಹಾಕಿ, ಬೆಳಗಿನ ಚಳಿಗೆ ಅಂಗೈ ಉಜ್ಜಿಕೊಳ್ಳುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಎರಡು ವರ್ಷದ ಹಿಂದಿನ ಚಳಿಗಾಲ ಇಡಿಯಾಗಿ ಬಂದು ಎದುರಿಗೆ ಕೂತಿತು.

ಆ ವರ್ಷ ಶ್ರಾವಣದಲ್ಲಿ ನನ್ನ ಹೆಂಡತಿ ಮಹಾದೇವಿ ತೀರಿಕೊಂಡಳು. ನಾಲ್ಕು ದಿನ ಜ್ವರ, ಐದನೆಯ ದಿನ ಅವಳಿಲ್ಲ. ನಮಗೆ ಮಕ್ಕಳಿಲ್ಲ. ಬಂದ ನೆಂಟರು ತಿರುಗಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಮತ್ತೆ ಅವಳು ಅರ್ಧ ಹೊಲಿದಿಟ್ಟ ಒಂದು ಕೌದಿ. ಆ ಕೌದಿಗೆಂದು ಹಳೆಯ ಸೀರೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು ಒಂದು ಗಂಟು ಕಟ್ಟಿಟ್ಟಿದ್ದಳು. ನಾನು ಆ ಗಂಟನ್ನು ಬಿಚ್ಚಲಿಲ್ಲ. ದಿನವೂ ಅಂಗಡಿ ತೆರೆಯುತ್ತಿದ್ದೆ, ಕೂರುತ್ತಿದ್ದೆ, ಮುಚ್ಚುತ್ತಿದ್ದೆ. ಯಾರ ಸೀಟೂ ಹೊಲಿದು ಹೊರಗೆ ಹೋಗುತ್ತಿರಲಿಲ್ಲ.

ದೀಪಾವಳಿ ಮುಗಿದು ಚಳಿ ಶುರುವಾದಾಗ ಸುಮಿತ್ರಾ ಅಕ್ಕೋರು ಅಂಗಡಿಗೆ ಬಂದರು. ನಮ್ಮ ಓಣಿಯ ಕೊನೆಯ ಮನೆಯವರು, ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಸ್ಕೂಟಿಯ ಸೀಟು ನನ್ನಲ್ಲಿತ್ತು.

"ಸೀಟು ಆತೇನ್ರಿ?"

"ನಾಳೆ ಬರ್ರಿ, ಅಕ್ಕೋರ."

"ನಿಮ್ಮ ನಾಳೆ ಶುರುವಾಗಿ ಎಂಟು ದಿನ ಆತು. ನೀವು ಸೀಟು ಹೊಲ್ಯಾಕತ್ತೀರೋ, ಅದರ ಮ್ಯಾಲ ಕುಂದ್ರಾಕತ್ತೀರೋ?"

ಅವರು ಮೇಲೆ ಕೆಳಗೆ ನನ್ನನ್ನು ನೋಡಿದರು. ನಲವತ್ತು ವರ್ಷ ಮಕ್ಕಳನ್ನು ನೋಡಿದ ಕಣ್ಣು.

"ನಾಳೆ ಮುಂಜಾನೆ ಆರಕ್ಕ ರೈಲ್ವೆ ಗೇಟಿನ ಹತ್ರ ನಿಂತಿರತೀನಿ. ನಾವು ನಾಕು ಮಂದಿ ದಿನಾ ನಡ್ಯಾಕ ಹೊಕ್ಕೀವಿ. ನೀವೂ ಬರ್ರಿ. ಬರಲಿಲ್ಲಂದ್ರ ನೋಡ್ರಿ, ಸೀಟು ಹಂಗ ಹೊತಗೊಂಡು ಹೊಕ್ಕೀನಿ."

ಹೆದರಿಯೇ ಹೋದೆ ಎನ್ನಬೇಕು.

ಅವರ ನಡಿಗೆಗೆ ಒಂದು ಕಟ್ಟಳೆಯಿತ್ತು. ಎರಡೂ ಕೈ ಹಿಂದೆ ಕಟ್ಟಿಕೊಂಡು ನಡೆಯಬೇಕು. ಕೈ ಬಿಟ್ಟರೆ ಮನುಷ್ಯ ಎಲೆ ಚಿವುಟುತ್ತಾನೆ, ಹೂ ಹರಿಯುತ್ತಾನೆ, ಕಲ್ಲು ಒಗೆಯುತ್ತಾನೆ, ಅದಕ್ಕೇ ಅಂತ. ಮೊದಲ ಎರಡು ದಿನ ನನಗೆ ನಾಚಿಕೆಯಾಯಿತು. ಐವತ್ತು ದಾಟಿದ ಐದು ಜನ ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ಹೊರಟರೆ, ಹಾಲು ತರಲು ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಆ ನಡಿಗೆಯಲ್ಲಿ ಏನೋ ಇದೆ ಅನ್ನಿಸಿತು. ಕೈಗೆ ಕೆಲಸವಿಲ್ಲದಾಗ ಕಣ್ಣು ಕೆಲಸ ಮಾಡುತ್ತದೆ.

ರೈಲು ಹಳಿಯ ಪಕ್ಕದ ಎಕ್ಕೆ ಗಿಡಗಳ ನಡುವೆ ಜೇಡಗಳು ಬಲೆ ಕಟ್ಟಿದ್ದವು. ಪ್ರತಿ ಎಳೆಯ ಮೇಲೂ ಇಬ್ಬನಿ ಕೂತಿತ್ತು. ನಾನು ಬಗ್ಗಿ ನೋಡಿದೆ. ಹೊಲಿಗೆ ಗೊತ್ತಿರುವವನು ನಾನು. ಅಷ್ಟು ಸಮನಾದ ಹೊಲಿಗೆಯನ್ನು ಮೂವತ್ತು ವರ್ಷದಲ್ಲಿ ಒಂದು ದಿನವೂ ಹಾಕಿಲ್ಲ. ಗೋಳಗುಮ್ಮಟದ ಕಡೆ ತಿರುಗಿದರೆ ಅದು ಇರುತ್ತಲೇ ಇರಲಿಲ್ಲ. ಬರೀ ಬಿಳಿ ಮಂಜು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಮೊದಲು ತುದಿ, ಆಮೇಲೆ ಗುಮ್ಮಟದ ಬೆನ್ನು, ಆಮೇಲೆ ಗೋಡೆ, ಯಾರೋ ಮೇಲಿನಿಂದ ಕೆಳಕ್ಕೆ ಬರೆಯುತ್ತಿದ್ದಾರೆ ಅನ್ನುವಂತೆ ಮೂಡುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಕಟ್ಟಡ. ಬಾಯಿ ತೆರೆದುಕೊಂಡು ನಿಂತೆ. ಹಳೆಯ ಕೋಟೆ ಗೋಡೆಯ ಕಲ್ಲಿನ ಸಂದಿಯಿಂದ ಒಂದು ಅರಳಿ ಗಿಡ ಹೊರಬಂದಿತ್ತು. ಅದರ ಬೇರು ಕಲ್ಲಿನ ಮೇಲೆ ಎರಡಾಳು ಉದ್ದ ಇಳಿದು ನೆಲ ಹುಡುಕುತ್ತಿತ್ತು.

"ಇಷ್ಟ ವರ್ಷ ಇದರ ಮುಂದ ಅಡ್ಡಾಡೀರಲ್ಲ, ನೋಡಿರಲಿಲ್ಲೇನು?" ಅಕ್ಕೋರು ಕೇಳಿದರು.

"ಇಲ್ರಿ. ಮಹಾದೇವಿ ನೋಡತಿದ್ಲು. ನಾ ಗಾಡಿ ಹೊಡೀತಿದ್ದೆ."

ಬೆನ್ನ ಹಿಂದೆ ಕೂತು ಅವಳು, "ಅಲ್ಲಿ ನೋಡ್ರಿ, ಅಲ್ಲಿ ನೋಡ್ರಿ" ಎನ್ನುತ್ತಿದ್ದಳು. ನಾನು ನೋಡುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು.

ಅವಳು ನನಗೆ ತೋರಿಸಬೇಕೆಂದು ಕೊನೆಯವರೆಗೂ ಹಟ ಹಿಡಿದದ್ದು ಒಂದೇ ಒಂದಿತ್ತು. ಅದು ಅವಳ ತವರಿನಲ್ಲಿತ್ತು. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಅವರ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಮನೆಯ ಹಿಂದೆ ಬಾವಿ, ಬಾವಿಯ ಮೇಲೆ ಬಾಗಿದ ಒಂದು ಹಳೆಯ ಮಾವಿನ ಮರ. ಆ ಮರದ ಕವಲುಗಳಲ್ಲಿ ಅಲ್ಲಲ್ಲಿ ಬದನಿಕೆ ಬೆಳೆದಿತ್ತು. ಮರದ ರಸ ಹೀರಿ ಮರವನ್ನೇ ಒಣಗಿಸುವ ಬದನಿಕೆಯನ್ನು ನಮ್ಮ ಕಡೆ ಯಾರೂ ಉಳಿಸುವುದಿಲ್ಲ, ಮಾವು ಹೂ ಬಿಡುವ ಮೊದಲು ಕಡಿದು ಆಡಿಗೆ ಹಾಕುತ್ತಾರೆ. ಆದರೆ ನಡುವಿನ ಕೊಂಬೆಯ ಮೇಲಿದ್ದ ನಾಲ್ಕು ಮೆಳೆಗಳನ್ನು ಮಹಾದೇವಿ ಕಡಿಯಗೊಡುತ್ತಿರಲಿಲ್ಲ. ಪಟ್ಟಿಯಂಥ ದಪ್ಪ ಎಲೆ, ಹಗ್ಗದಂತೆ ಜೋತಾಡುವ ಬಿಳಿ ಬೇರು. ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ನಾವು ಹೋದಾಗ, ತಂಬಿಗೆಯಲ್ಲಿ ಬಾವಿಯ ನೀರು ತಂದು ಕೆಳಗಿನಿಂದಲೇ ಆ ಕೊಂಬೆಗೆ ಎರಚುತ್ತಿದ್ದಳು. ಅರ್ಧ ನೀರು ಅವಳ ತಲೆಯ ಮೇಲೆಯೇ ಬೀಳುತ್ತಿತ್ತು.

"ಕುಂತು ತಿನ್ನೂ ಸೋಮಾರಿಗೆ ಮತ್ತ ನೀರು ಬ್ಯಾರೆ," ಅಂತ ನಾನು ನಗುತ್ತಿದ್ದೆ.

"ಅದು ಏನೂ ತಿನ್ನಂಗಿಲ್ರಿ. ಸುಮ್ನ ಕುಂತಿರತೈತಿ."

"ತಿನ್ನದ ಬದುಕತೈತೇನು?"

"ಬ್ಯಾಸಗ್ಯಾಗ ಬರ್ರಿ, ಹೂ ಬಿಟ್ಟಾಗ ತೋರಸ್ತೀನಿ. ನೋಡಿದ ಮ್ಯಾಲ ಮಾತಾಡ್ರಿ."

ಬೇಸಗೆಯಲ್ಲಿ ಮದುವೆಗಳು. ಹೊಸ ಗಾಡಿಗಳು, ಹೊಸ ಸೀಟುಗಳು. ಅಂಗಡಿ ಬಿಟ್ಟು ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಬರುವ ವರ್ಷ, ಬರುವ ವರ್ಷ ಎನ್ನುತ್ತ ಇಪ್ಪತ್ತಾರು ಬೇಸಗೆಗಳು ಹೋದವು. ಅವಳು ಪ್ರತಿವರ್ಷ ಕರೆದಳು. ನಾನು ಒಂದು ವರ್ಷವೂ ಹೋಗಲಿಲ್ಲ.

ಆ ಚಳಿಗಾಲದಲ್ಲೂ ಎಳ್ಳ ಅಮಾವಾಸ್ಯೆಗೆ ಅವಳ ತಮ್ಮ ಮಲ್ಲು ಫೋನ್ ಮಾಡಿದ. "ಮಾಮಾ, ಅಕ್ಕ ಇಲ್ಲಂತ ನೀವು ಬಿಡಬ್ಯಾಡ್ರಿ. ಅವ್ವ ದಾರಿ ನೋಡತಾಳ." ಹೋದೆ. ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಪೈರಿನ ನಡುವೆ ಅಡಿಗೆ ಎರಚುತ್ತ ಚರಗ ಚೆಲ್ಲುತ್ತಾರೆ. ಬೆಳೆದು ನಿಂತ ಪೈರು ಬಸುರಿ ಹೆಂಗಸಿದ್ದಂತೆ. ಕಡಬು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಮಾಡಿದ ಅಡಿಗೆಯನ್ನೆಲ್ಲ ಮೊದಲು ಅವಳಿಗೆ ಉಣಿಸಿ ಆಮೇಲೆ ಮಂದಿ ಉಣ್ಣಬೇಕು. ದ್ರಾಕ್ಷಿ ತೋಟದಾಚೆ ಮಲ್ಲು ಎರಡು ಎಕರೆ ಬಿಳಿಜೋಳ, ಕಡಲೆ ಹಾಕಿದ್ದ. ಜೋಳದ ನಡುವೆ ಅವನು ಕೂಗುತ್ತ ಚರಗ ಚೆಲ್ಲಿ ಬಂದ. ಮಾವಿನ ಮರದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಊಟಕ್ಕೆ ಕೂತರು. ನನ್ನ ಪಕ್ಕ ಯಾರೂ ಕೂರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಇಪ್ಪತ್ತಾರು ವರ್ಷದಿಂದ ಆ ಜಾಗದಲ್ಲಿ ಅವಳು ಕೂರುತ್ತಿದ್ದಳು, ಅಷ್ಟೆ. ಕಡಬು ಮುರಿದೆ. ಬಾಯಿಗೆ ಹೋಗಲಿಲ್ಲ.

ಎದ್ದು ಮರ ನೋಡಿದೆ. "ಗಿಡಕ್ಕ ಎಷ್ಟ ಬದನಿಕಿ ಹಬ್ಬೇತಿ ನೋಡು, ಮಲ್ಲು. ಕುಡಗೋಲು ಎಲ್ಲೈತಿ?"

"ಉಣ್ರಿ ಮಾಮಾ ಮೊದಲ. ಅದೇನ ಓಡಿ ಹೊಕ್ಕೈತೇನು?"

ನಾನು ಕೇಳಲಿಲ್ಲ. ಅಳಿಯನಾಗಿ ಆ ಮನೆಗೆ ಏನಾದರೂ ಒಂದು ಮಾಡಿಕೊಟ್ಟು ಹೋಗಬೇಕು ಅನ್ನಿಸಿಬಿಟ್ಟಿತ್ತು. ಮರ ಹತ್ತಿದೆ. ಬದನಿಕೆಯನ್ನೆಲ್ಲ ಕಡಿದು ಕೆಳಗೆ ಹಾಕಿದೆ. ನಡುವಿನ ಕೊಂಬೆಗೆ ಬಂದಾಗ ಕೈ ಒಂದು ಗಳಿಗೆ ನಿಂತಿತು. ಇನ್ನು ಯಾರು ಇದಕ್ಕೆ ನೀರು ಎರಚುತ್ತಾರೆ, ಮರವಾದರೂ ಉಳಿಯಲಿ ಅಂದುಕೊಂಡೆ. ಆ ಬಿಳಿ ಬೇರುಗಳು ತೊಗಟೆಗೆ ಅಂಟಿಕೊಂಡಿದ್ದವು. ಸಲ್ಯೂಷನ್ ಹಚ್ಚಿ ಅಂಟಿಸಿದ ರೆಕ್ಸಿನ್ ಕೀಳುವಂತೆ ಒಂದೊಂದನ್ನೇ ಎಬ್ಬಿಸಿ ಕೀಳಬೇಕಾಯಿತು. ನಾಲ್ಕೂ ಮೆಳೆಗಳನ್ನು ಕಿತ್ತೆ. ಆಗ ಅಳು ಬಂತು. ಅವಳು ಹೋದ ಮೇಲೆ ಅತ್ತದ್ದು ಅದೇ ಮೊದಲು. ಎಲೆಗಳ ನಡುವೆ ಯಾರಿಗೂ ಕಾಣಲಿಲ್ಲ ಅಂದುಕೊಂಡೆ. ಇಳಿದು ಬಂದು ಕಡಿದದ್ದನ್ನೆಲ್ಲ ಒಣದ್ರಾಕ್ಷಿ ಶೆಡ್ಡಿನ ಹಿಂದೆ, ಆಡು ಕಟ್ಟುವ ಕಡೆ ಹಾಕಿ, ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಜನವರಿಯ ಕೊನೆಯಲ್ಲಿ ವಿಜಯಪುರದಲ್ಲಿ ಫಲಪುಷ್ಪ ಪ್ರದರ್ಶನ ಆಯಿತು. ಬೆಳಗಿನ ನಡಿಗೆಯವರನ್ನು ಅಕ್ಕೋರು ಅಲ್ಲಿಗೆ ಎಳೆದುಕೊಂಡು ಹೋದರು. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಸೇವಂತಿಗೆಯಲ್ಲಿ ಕಟ್ಟಿದ ಗೋಳಗುಮ್ಮಟ, ಎರಡಾಳು ಎತ್ತರ, ಹಳದಿ ಬಿಳಿ ಬಿಳಿ ಹಳದಿ. ಗುಲಾಬಿ ಹೂಗಳು ಬಟ್ಟೆ ಅಂಗಡಿಯ ರೇಷ್ಮೆ ಕಟ್ಟುಗಳ ಹಾಗೆ ಒಂದರ ಪಕ್ಕ ಒಂದು. ಕಲ್ಲಂಗಡಿಯಲ್ಲಿ ಕೆತ್ತಿದ ನವಿಲು. ತಿಕೋಟಾದ ಕಡೆಯ ದ್ರಾಕ್ಷಿ ಗೊಂಚಲುಗಳು, ಒಂದೊಂದು ಹಣ್ಣೂ ಒಳಗೆ ದೀಪ ಇಟ್ಟ ಹಾಗೆ. ಚಳಿಯಲ್ಲಿ ಬಣ್ಣಕ್ಕೆ ಒಂದು ಬೇರೆ ಹೊಳಪು ಬರುತ್ತದೆ ಅನ್ನುವುದು ನನಗೆ ಆ ದಿನ ತಿಳಿಯಿತು. ಇಷ್ಟು ಬಣ್ಣ ಮಣ್ಣಿನಲ್ಲಿ ಎಲ್ಲಿರುತ್ತದೆ? ರೆಕ್ಸಿನ್ ಅಂಗಡಿಯವನು ಹನ್ನೆರಡು ಬಣ್ಣದ ಕಾರ್ಡು ತೋರಿಸಿ, ಇದಕ್ಕಿಂತ ಹೆಚ್ಚಿಲ್ಲ ಅನ್ನುತ್ತಾನೆ.

ಹಿಂದಿನ ಮೂಲೆಯಲ್ಲಿ ಹಸಿರು ಬಲೆ ಕಟ್ಟಿ ನೆರಳು ಮಾಡಿದ್ದರು. ಅದರೊಳಗೆ ಆರ್ಕಿಡ್ ಹೂಗಳು. ದೂರದ ಊರಿನಿಂದ ತಂದದ್ದಂತೆ. ಅಂಥ ಹೂಗಳನ್ನು ನಾನು ನೋಡಿರಲಿಲ್ಲ. ನೇರಳೆ, ಬಿಳಿ, ಅರಿಸಿನ ಬಣ್ಣ. ಒಂದಕ್ಕೆ ನಾಲಿಗೆ, ಒಂದಕ್ಕೆ ರೆಕ್ಕೆ, ಒಂದಕ್ಕೆ ಮುಖವೇ ಇತ್ತು. ಮಂದಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಕಣ್ಣು ಹೂವಿನಿಂದ ಕೆಳಗಿಳಿಯಿತು. ಕುಂಡವಿರಲಿಲ್ಲ. ಒಂದು ಮರದ ತುಂಡಿನಿಂದ ಬಿಳಿಯ ಬೇರುಗಳು ಗಾಳಿಯಲ್ಲಿ ಜೋತು ಬಿದ್ದಿದ್ದವು. ಹಗ್ಗದಷ್ಟು ದಪ್ಪ. ನನಗೆ ಗೊತ್ತಿದ್ದ ಬೇರು.

ಅಲ್ಲಿದ್ದ ಮಾಲಿ ನೀರು ಸಿಂಪಡಿಸುತ್ತಿದ್ದ. ನೋಡುತ್ತಿದ್ದಂತೆ ಆ ಬಿಳಿ ಬೇರು ಹಸಿರಾಯಿತು. ಕಣ್ಣೆದುರೇ, ಬಟ್ಟೆಗೆ ಬಣ್ಣ ಏರಿದ ಹಾಗೆ.

"ಇದರ ಮಣ್ಣು ಎಲ್ಲೈತ್ರಿ?" ಕೇಳಿದೆ.

"ಮಣ್ಣು ಬೇಡಂಗಿಲ್ರಿ ಇದು. ಗಾಳ್ಯಾಗಿನ ನೀರ ಕುಡದು ಬದುಕತೈತಿ."

"ಗಿಡದ ರಸಾ ಹೀರತೈತಲ್ಲ?"

"ಯಾರು ಹೇಳ್ಯಾರ? ಹೀರೂದು ಬದನಿಕಿ. ಇದು ಗಿಡದ ಮ್ಯಾಲ ಬರೇ ಕುಂತಿರತೈತಿ. ನೀವು ಬಸ್ಸಿನ್ಯಾಗ ಸೀಟಿನ ಮ್ಯಾಲ ಕುಂದ್ರತೀರಲ್ಲ, ಸೀಟು ತಿಂತೀರೇನು?"

ನಡಿಗೆಯವರೆಲ್ಲ ನನ್ನ ಕಡೆ ನೋಡಿ ನಕ್ಕರು. ಅಕ್ಕೋರೂ ನಕ್ಕು, "ನಮ್ಮ ಕಡೆ ಮಾವು, ಬೇವಿನ ಮ್ಯಾಲೂ ಇದರ ಒಂದು ಜಾತಿ ಐತ್ರಿ. ಪಟ್ಟಿಯಂಥ ಎಲಿ, ಬಿಳಿ ಬೇರು. ಮಂದಿ ಬದನಿಕಿ ಅಂತ ತಿಳದು ಕಿತ್ತ ಒಗೀತಾರ. ನೀವು ಎಲ್ಲ್ಯರೆ ನೋಡೀರೇನು?" ಎಂದರು.

"ನೋಡೀನ್ರಿ," ಅಂದೆ. "ಕಿತ್ತೀನ್ರಿ."

ಅವರ ನಗು ನಿಂತಿತು. ಅಲ್ಲಿಯೇ ಒಂದು ಬೆಂಚಿನ ಮೇಲೆ ಕೂತು ಅವರಿಗೆ ಎಲ್ಲ ಹೇಳಿದೆ. ತಂಬಿಗೆಯ ನೀರು, ಇಪ್ಪತ್ತಾರು ಬೇಸಗೆ, ಕುಡಗೋಲು. "ಅದು ಏನೂ ತಿನ್ನಂಗಿಲ್ಲ ಅಂತ ಅಕಿ ಹೇಳಿದ್ಲ್ರಿ. ವರ್ಷ ವರ್ಷಾನೂ ಹೇಳಿದ್ಲು."

"ಕಿತ್ತು ಎಷ್ಟ ದಿನ ಆತು?"

"ತಿಂಗಳಾಗಾಕ ಬಂತು."

"ಎಲ್ಲಿ ಒಗದೀರಿ?"

"ಆಡಿನ ಮುಂದ."

ಅಕ್ಕೋರು ಎದ್ದು ನಿಂತರು. ಆಮೇಲೆ, "ಇಂಥ ಗಿಡಾ ಲಗೂನ ಸಾಯಂಗಿಲ್ಲ. ಚಳಿಗಾಲ ಐತಿ, ಇಬ್ಬನಿ ಬೀಳಾಕತ್ತೈತಿ. ಆಡು ತಿನ್ನದಿದ್ರ ಇರಬಹುದು. ಇಲ್ಲಿ ಕುಂತು ಏನ ಮಾಡತೀರಿ? ಏಳ್ರಿ," ಎಂದರು. ಹೇಗೆ ಕಟ್ಟಬೇಕು ಅಂತಲೂ ಹೇಳಿದರು. ಪ್ಲಾಸ್ಟಿಕ್ ದಾರ ಬೇಡ, ಅದು ಕೊರೆಯುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಇರಲಿ. ಬೇರಿನ ಕೆಳಗೆ ತೆಂಗಿನ ನಾರು ಇರಲಿ.

ತೆಂಗಿನ ನಾರು ನನ್ನ ಅಂಗಡಿಯಲ್ಲಿ ಚೀಲಗಟ್ಟಲೆ ಇತ್ತು. ಮನೆಗೆ ಬಂದು, ಆರು ತಿಂಗಳಿಂದ ಮುಟ್ಟದ ಮಹಾದೇವಿಯ ಗಂಟು ಬಿಚ್ಚಿದೆ. ಮೆತ್ತಗಿದ್ದ ನಾಲ್ಕು ಪಟ್ಟಿ ತೆಗೆದುಕೊಂಡೆ. ತಿಕೋಟಾ ಬಸ್ಸು ಹಿಡಿದೆ, ಅಲ್ಲಿಂದ ಟಂಟಂ. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟಗಳು, ಜೋಳದ ಹೊಲಗಳು. ಒಂದು ಹೊಲದ ಮೇಲೆ ತಿಳಿಗುಲಾಬಿ ಬಣ್ಣದ ಹಕ್ಕಿಗಳ ಹಿಂಡು ಏಳುತ್ತಿತ್ತು, ಬೀಳುತ್ತಿತ್ತು, ಬೀಸಿದ ಬಲೆಯ ಹಾಗೆ. ಎಷ್ಟು ಸಾವಿರವೋ. ಟಂಟಂನವನು ಗಾಡಿ ನಿಲ್ಲಿಸಿ ನೋಡಿದ. ಬೇರೆ ದಿನವಾಗಿದ್ದರೆ ನಾನೂ ನೋಡುತ್ತಿದ್ದೆ. ಆ ದಿನ, "ನಡೀಪಾ, ನಡಿ" ಎಂದೆ.

ಶೆಡ್ಡಿನ ಹಿಂದೆ ಬದನಿಕೆಯ ಒಂದು ಎಲೆಯೂ ಉಳಿದಿರಲಿಲ್ಲ. ಆಡುಗಳು ಕಡ್ಡಿ ಬಿಟ್ಟು ಎಲ್ಲವನ್ನೂ ತಿಂದಿದ್ದವು. ಆದರೆ ಬೇಲಿಯ ಮುಳ್ಳಿಗೆ ಒತ್ತಿಕೊಂಡು ಆ ನಾಲ್ಕು ಮೆಳೆಗಳು ಹಾಗೆಯೇ ಬಿದ್ದಿದ್ದವು. ಆಡು ಮೂಸಿ ನೋಡಿ ಬಿಟ್ಟಿತ್ತು. ಆಡಿಗೆ ತಿಳಿದ ವ್ಯತ್ಯಾಸ ನನಗೆ ತಿಳಿದಿರಲಿಲ್ಲ.

ಎಲೆ ಮುದುಡಿದ್ದವು. ಬೇರು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಮೊದಲನೆಯದಕ್ಕೆ ಹನಿಸಿದೆ. ಬಣ್ಣ ಬದಲಾಗಲಿಲ್ಲ. ಎರಡನೆಯದು, ಇಲ್ಲ. ಮೂರನೆಯದರ ಬೇರು ಕೈಯಲ್ಲೇ ಪುಡಿಯಾಯಿತು. ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು, ಬೇಲಿಯ ನೆರಳಿನಲ್ಲಿ ಹುಲ್ಲಿನ ಒಳಗಿತ್ತು. ಅದರ ಮೇಲೆ ನೀರು ಹನಿಸಿ ಕಾದೆ. ಏನೂ ಆಗಲಿಲ್ಲ. ಮತ್ತೆ ಹನಿಸಿದೆ. ಒಂದು ಬೇರಿನ ನಡುಭಾಗ, ಒಂದು ಬೆರಳಿನಷ್ಟು ಉದ್ದ, ನಿಧಾನವಾಗಿ ಹಸಿರಾಯಿತು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಣ್ಣಿಲ್ಲ, ನೀರಿಲ್ಲ, ಯಾರ ಕಾಳಜಿಯೂ ಇಲ್ಲ. ಒಂದು ತಿಂಗಳು ಬೇಲಿಯ ಬುಡದಲ್ಲಿ ಬಿದ್ದು, ಬೆಳಗಿನ ಇಬ್ಬನಿಯನ್ನಷ್ಟೇ ನೆಕ್ಕಿಕೊಂಡು, ಅದು ಜೀವ ಹಿಡಿದಿತ್ತು.

ಅತ್ತೆ ಕಡಲೆ ಹೊಲದಲ್ಲಿದ್ದರು. ಎಪ್ಪತ್ತೈದರ ಮುದುಕಿ, ಬಿಳಿ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

"ಅತ್ತಿ, ಇದನ್ನ ನಾನ ಕಿತ್ತೀನ್ರಿ. ಬದನಿಕಿ ಅಂತ ತಿಳದು."

"ಗೊತ್ತೈತ್ರಿ, ಅಳಿಯಾರ. ಕೆಳಗ ನಿಂತು ನೋಡೀನಿ."

"ಮತ್ತ ಬ್ಯಾಡ ಅನಬಾರದಾಗಿತ್ತೇನ್ರಿ?"

"ಅನಬೇಕಂತ ಬಾಯಿ ತಗದೆ. ನೀವು ಗಿಡದ ಮ್ಯಾಲ ಅಳಾಕತ್ತಿದ್ರಿ. ಮಣ್ಣ ಕೊಟ್ಟ ದಿನಾನೂ ನೀವು ಅತ್ತಿರಲಿಲ್ಲ." ಅವರು ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡರು. "ಗಿಡಾ ಹೋದ್ರ ಹೋಗ್ಲಿ, ಅತ್ತು ಹಗರ ಆಗ್ಲಿ ಅಂತ ಸುಮ್ನ ಆದೆ."

ನಾನು ತಂದಿದ್ದ ನಾರನ್ನು ಬಾವಿಯ ನೀರಿನಲ್ಲಿ ನೆನೆಹಾಕಿದೆ.

ಮಲ್ಲು ಏಣಿ ತಂದ. ಅವನಿಗೆ ನಂಬಿಕೆಯಿರಲಿಲ್ಲ. "ಮಾಮಾ, ಸತ್ತದ್ದಕ್ಕ ಸೀಟು ಕಟ್ಟಾಕತ್ತೀರಿ," ಎಂದ. ಅಂದದ್ದು ತಪ್ಪಾಯಿತೆಂದು ತಿಳಿದು ನಾಲಿಗೆ ಕಚ್ಚಿಕೊಂಡು, ಆಮೇಲೆ ಏಣಿಯನ್ನು ಗಟ್ಟಿಯಾಗಿ ಹಿಡಿದ. ಅದೇ ಕೊಂಬೆಯಲ್ಲಿ, ಕಿತ್ತ ಗಾಯ ಇನ್ನೂ ಕಾಣುತ್ತಿದ್ದ ಜಾಗದಲ್ಲಿ, ನೆನೆಸಿದ ನಾರನ್ನು ತೆಳ್ಳಗೆ ಹಾಸಿದೆ. ಅದರ ಮೇಲೆ ಗಿಡವನ್ನಿಟ್ಟು, ಅವಳ ಸೀರೆಯ ಪಟ್ಟಿಗಳಿಂದ ಸುತ್ತಿದೆ. ಬಿಗಿಯಾದರೆ ಬೇರು ನಲುಗುತ್ತದೆ, ಸಡಿಲಾದರೆ ಗಾಳಿಗೆ ಅಲುಗುತ್ತದೆ. ಮೂವತ್ತು ವರ್ಷದಲ್ಲಿ ಕಲಿತದ್ದನ್ನೆಲ್ಲ ಆ ಒಂದು ಗಂಟಿಗೆ ಹಾಕಿದೆ ಅನ್ನಿಸುತ್ತದೆ.

ದಿನಾ ನೀರು ಹೇಗೆ ಹಾಕುವುದು ಅಂತ ಚಿಂತೆಯಾಯಿತು. ದಾರಿ ತೋರಿಸಿದವರು ಅತ್ತೆ. ಚಳಿಗಾಲದಲ್ಲಿ ನಮ್ಮ ಕಡೆ ಹೆಂಗಸರು ಸಂಜೆ ಕಡಲೆ ಗಿಡಗಳ ಮೇಲೆ ತೆಳು ಬಟ್ಟೆ ಹಾಸುತ್ತಾರೆ. ಬೆಳಗಿನೊಳಗೆ ಇಬ್ಬನಿಯೊಂದಿಗೆ ಗಿಡದ ಹುಳಿಯೂ ಬಟ್ಟೆಗೆ ಇಳಿದಿರುತ್ತದೆ. ಅದನ್ನು ಹಿಂಡಿ ಸೀಸೆಯಲ್ಲಿಡುತ್ತಾರೆ, ಹೊಟ್ಟೆನೋವಿಗೆ ಮದ್ದು. ಅತ್ತೆ ಪ್ರತಿ ಚಳಿಗಾಲ ಮಾಡುತ್ತಿದ್ದರು. "ಬಟ್ಟಿ ಇಬ್ಬನಿ ಹಿಡಿತೈತ್ರಿ," ಎಂದರು. "ಇನ್ನೊಂದು ಬಟ್ಟಿ ಗಿಡದ ಮ್ಯಾಲ ಕಟ್ಟೂಣು. ಅದು ಹಿಡದು ಇದಕ್ಕ ಹನಸ್ತೈತಿ." ಹಾಗೆಯೇ ಕೊಂಬೆಯ ಮೇಲೆ ಒಂದು ಹಳೆಯ ಪಂಜೆಯ ತುಂಡನ್ನು ಓರೆಯಾಗಿ ಕಟ್ಟಿದೆವು, ತುದಿ ಬೇರಿನ ಕಡೆಗೆ ಇಳಿಯುವಂತೆ.

ಆಮೇಲೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ತಿಕೋಟಾ. ಹೊಲಕ್ಕೆ ಹೋಗುವ ಹೊತ್ತಿಗೆ ಬಿಸಿಲು ಇನ್ನೂ ಕೆಂಪಗಿರುತ್ತಿತ್ತು. ಕುಸುಬೆ ಹೂ ಬಿಟ್ಟಿತ್ತು, ಜೋಳದ ತೆನೆಗೆ ಹಾಲು ತುಂಬುತ್ತಿತ್ತು, ದ್ರಾಕ್ಷಿಗೆ ಸಿಹಿ ಇಳಿಯುತ್ತಿತ್ತು. ಏಣಿ ಹತ್ತಿ ಕೂರುತ್ತಿದ್ದೆ. ಬಟ್ಟೆಯ ತುದಿಯಲ್ಲಿ ಒಂದು ಹನಿ ನಿಧಾನವಾಗಿ ತುಂಬಿ, ಒಳಗೆ ಇಡೀ ತೋಟ ತಲೆಕೆಳಗಾಗಿ ಕಂಡು, ಬೇರಿನ ಮೇಲೆ ಬೀಳುತ್ತಿತ್ತು. ಬಿದ್ದಲ್ಲಿ ಹಸಿರು. ನಾನು ಅದನ್ನು ಎಷ್ಟು ಹೊತ್ತು ನೋಡುತ್ತಿದ್ದೆನೋ, ಕೆಳಗಿನಿಂದ ಅತ್ತೆ, "ಅಳಿಯಾರ, ರೊಟ್ಟಿ ಆರಾಕತ್ತಾವು," ಎಂದು ಕೂಗಬೇಕಾಗುತ್ತಿತ್ತು.

ಮೂರು ಭಾನುವಾರ ಏನೂ ಬದಲಾಗಲಿಲ್ಲ. ಒಂದು ಎಲೆ ಹಳದಿಯಾಗಿ ಬಿತ್ತು. ಆ ವಾರವಿಡೀ ನಾನು ನಡಿಗೆಯಲ್ಲಿ ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ಭಾನುವಾರ ಅಕ್ಕೋರು ತಾವೂ ಬರುತ್ತೇನೆ ಎಂದರು. ಶಿವರಾತ್ರಿ ಹತ್ತಿರವಿತ್ತು, ಚಳಿ ಹಿಂದೆ ಸರಿಯುತ್ತಿತ್ತು. ನಾನು ಏಣಿ ಹತ್ತಿದೆ. ಹಳೆಯ ಬೇರಿನ ಬದಿಯಿಂದ ಒಂದು ಹೊಸ ಬೇರು ಹೊರಟಿತ್ತು. ಅಕ್ಕಿಕಾಳಿನಷ್ಟು ತುದಿ, 'ಹಸಿರು' ಅನ್ನುವ ಮಾತು ಸಾಲದ ಹಸಿರು, ಕೊನೆಯಲ್ಲಿ ನೇರಳೆಯ ಛಾಯೆ. ಅದು ಗಾಳಿಯ ಕಡೆಗೆ ಹೋಗಿರಲಿಲ್ಲ. ನನ್ನ ನಾರನ್ನು ದಾಟಿ, ಬಾಗಿ, ಮರದ ತೊಗಟೆಯನ್ನು ಮುಟ್ಟಿತ್ತು. ಮುಟ್ಟಿದ ಕಡೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ನಾನು ಕಿತ್ತಿದ್ದ ಗಾಯದ ಮೇಲೆಯೇ.

ಅದಕ್ಕೆ ಕಣ್ಣಿಲ್ಲ. ತೊಗಟೆ ಎಲ್ಲಿದೆ ಅಂತ ಹೇಳುವವರಿಲ್ಲ. ಹೇಗೆ ಗೊತ್ತಾಯಿತು? ಇವತ್ತಿಗೂ ನನಗೆ ತಿಳಿದಿಲ್ಲ.

"ಏನೈತ್ರಿ?" ಕೆಳಗಿನಿಂದ ಅಕ್ಕೋರು ಕೇಳಿದರು.

"ಹಿಡದೈತ್ರಿ," ಅಂದೆ. ಅಷ್ಟೇ ಹೊರಟಿತು.

ಮಲ್ಲು ಎಲ್ಲರಿಗಿಂತ ಮೊದಲು ಏಣಿ ಹತ್ತಿ ನೋಡಿದ. ಬೇರಿನ ತುದಿ ಮುಟ್ಟಲು ಬೆರಳು ಚಾಚಿದ.

"ಕೈ ಹಿಂದ!" ಅಕ್ಕೋರು ಗದರಿದರು. ಮಲ್ಲು, ಐವತ್ತು ಟನ್ ದ್ರಾಕ್ಷಿ ಬೆಳೆಯುವ ಗಂಡಸು, ಏಣಿಯ ಮೇಲೆ ನಿಂತು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅತ್ತೆ ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಬೇಸಗೆಯಲ್ಲಿ ಹೂ ಬರಲಿಲ್ಲ. ಎರಡು ಹೊಸ ಎಲೆ ಬಂತು, ಅಷ್ಟೆ. ಮರುವರ್ಷದ ಚಳಿಗಾಲದ ಎಳ್ಳ ಅಮಾವಾಸ್ಯೆಗೆ ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು ಕೆಳಗಿನಿಂದ ಎರಚಿದವನು ನಾನು. ಅರ್ಧ ನನ್ನ ತಲೆಯ ಮೇಲೆಯೇ ಬಿತ್ತು. ನೀರು ಅಷ್ಟು ತಣ್ಣಗಿರುತ್ತದೆ ಅಂತ ಅವಳು ಒಂದು ವರ್ಷವೂ ಹೇಳಿರಲಿಲ್ಲ.

ಕಳೆದ ಏಪ್ರಿಲ್ಲಿನಲ್ಲಿ ಒಂದು ಬೆಳಿಗ್ಗೆ ಮಲ್ಲುವಿನ ಫೋನು ಬಂತು. "ಮಾಮಾ, ಬರ್ರಿ. ಇವತ್ತ ಬರ್ರಿ." ಯಾಕೆ ಅಂತ ನಾನು ಕೇಳಲಿಲ್ಲ. ಅಂಗಡಿಯಲ್ಲಿ ಒಂಬತ್ತು ಸೀಟುಗಳಿದ್ದವು, ಒಂದು ಮದುವೆಯ ಗಾಡಿಯದು. ಷಟರ್ ಎಳೆದೆ.

ದ್ರಾಕ್ಷಿ ಕೊಯ್ಲಾಗಿ ಶೆಡ್ಡಿನ ತುಂಬ ಒಣಗುತ್ತಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮರದ ಕೆಳಗೆ ಬಂದಾಗ ಒಂದು ಪರಿಮಳ ಬಂತು. ಹಣ್ಣಾದ ದ್ರಾಕ್ಷಿಯದೇ ಅಂದುಕೊಂಡು ಶೆಡ್ಡಿನ ಕಡೆ ನೋಡಿದೆ. ಅತ್ತೆ ಮೇಲೆ ತೋರಿಸಿದರು. ಒಂದು ಕಡ್ಡಿಗೆ ಆರು ಹೂ. ಮಾಸಿದ ಹಳದಿಯ ಮೇಲೆ ಕಂದು ಗೆರೆಗಳ ಚೌಕಳಿ, ಇಳಕಲ್ ಸೀರೆಯ ಒಡಲಿನಲ್ಲಿರುತ್ತದಲ್ಲ, ಹಾಗೆ. ಅಂಚಿಗೆ ಬಿಳಿ. ನಡುವೆ ನೀಲಿಗೆ ತಿರುಗಿದ ನೇರಳೆಯ ನಾಲಿಗೆ. ಪ್ರದರ್ಶನದಲ್ಲಿ ಕಂಡ ಹೂಗಳಷ್ಟು ದೊಡ್ಡದಲ್ಲ. ಹತ್ತಿರ ಹೋಗದವರಿಗೆ ಕಾಣುವುದೂ ಇಲ್ಲ. ಮಹಾದೇವಿ ಚಿಕ್ಕವಳಿದ್ದಾಗ ಇದೇ ಏಣಿಯ ಮೇಲೆ ಕೂತು ಮಧ್ಯಾಹ್ನವೆಲ್ಲ ನೋಡುತ್ತಿದ್ದಳಂತೆ, ಒಂದು ಹೂವನ್ನೂ ಹರಿದವಳಲ್ಲವಂತೆ. ನಾನು ಏಣಿ ಹತ್ತಿ, ಕೈ ಹಿಂದೆ ಕಟ್ಟಿಕೊಳ್ಳಲಾಗದೆ ಮಡಿಲಲ್ಲಿ ಇಟ್ಟುಕೊಂಡು, ಬಿಸಿಲು ಇಳಿಯುವವರೆಗೆ ಕೂತೆ.

ಮರುದಿನ ಅಂಗಡಿಯ ಮುಂದೆ ಮದುವೆ ಗಾಡಿಯವನು ಕಾಯುತ್ತಿದ್ದ. ಹೊಸ ಗಿರಾಕಿ, ನನ್ನ ಮನೆಯ ವಿಷಯ ಗೊತ್ತಿಲ್ಲದವನು. ಮುಖ ಕೆಂಪಗಾಗಿತ್ತು.

"ಏನ್ರಿ ಯಜಮಾನ್ರ, ಸೀಸನ್ನಿನ್ಯಾಗ ಅಂಗಡಿ ಬಾಗಲಾ ಹಾಕ್ಕೊಂಡು ಎಲ್ಲಿ ಹೋಗಿದ್ರಿ?"

"ನಮ್ಮ ಮನಿಯಾಕಿ ತವರಮನಿಗೆ ಕರದಿದ್ಲ್ರಿ."

ಅವನ ಸಿಟ್ಟು ಇಳಿಯಿತು. ನಕ್ಕ. "ಹಂಗಾರ ಬಿಡ್ರಿ. ಅವರು ಕರದ ಮ್ಯಾಲ ಹೋಗಾಕ ಬೇಕು."

"ಹೋದೆ," ಅಂದೆ, ಸೂಜಿಗೆ ದಾರ ಪೋಣಿಸುತ್ತ. "ಭಾಳ ತಡಾ ಮಾಡಿ ಹೋದೆ."